ಲ್ವಾರ್ ನದಿ ದಂಡೆಯಲ್ಲಿ ನಿಧಾನ ಸೈಕಲ್ ಪ್ರವಾಸ: ಆಂಜೆಯಿಂದ ಬ್ಲ್ವಾವರೆಗೆ ಒಂದು ವಾರ, ಸಮಗ್ರ ಮಾರ್ಗದರ್ಶಿ

ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ. 1,000 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಹರಿದು ಅಟ್ಲಾಂಟಿಕ್ ಸೇರುತ್ತದೆ. ಅದರ ದಂಡೆಗುಂಟ ನೆವೇರ್ ಊರಿನ ಹತ್ತಿರದಿಂದ ಸಮುದ್ರದವರೆಗೆ ಸುಮಾರು 900 ಕಿಲೋಮೀಟರ್ ಸೈಕಲ್ ದಾರಿ ಇದೆ. ಹೆಸರು 'ಲಾ ಲ್ವಾರ್ ಆ ವೆಲೊ', ಅಂದರೆ ಸೈಕಲ್ ಮೇಲೆ ಲ್ವಾರ್. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೊ 6 ಎಂಬ ಮಹಾಮಾರ್ಗಕ್ಕೂ ಇದು ಸೇರಿದೆ. ಇಡೀ ದಾರಿ ತುಳಿಯಬೇಕಿಲ್ಲ. ನಡುವಿನ ಭಾಗವೇ ಸೊಗಸು. ಸ್ಯುಲ್ಲಿ ಊರಿನಿಂದ ಶಾಲೋನ್ ಊರಿನವರೆಗಿನ ಕಣಿವೆ 2000ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ವಾರದ ಸವಾರಿ ಬಹುಪಾಲು ಅದರೊಳಗೇ ಬರುತ್ತದೆ.

ಈ ಪ್ರವಾಸ ಹಾಕಿಕೊಳ್ಳುವವರು ಸಾಮಾನ್ಯವಾಗಿ ಮೊದಲು ಮ್ಯಾಪ್ ತೆಗೆದು ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ದಿನಕ್ಕೆ 60, 70 ಎಂದು ಭಾಗ ಮಾಡಿ, ಆಮೇಲೆ ಆ ಊರಲ್ಲಿ ಸಿಕ್ಕ ರೂಮು ಹಿಡಿಯುತ್ತಾರೆ. ನಾನು ಹೇಳುವುದು ಇದರ ತದ್ವಿರುದ್ಧ. ಮೊದಲು ರಾತ್ರಿ ಎಲ್ಲಿ ಮಲಗುತ್ತೀರಿ, ಅಲ್ಲಿ ಊಟ ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂದು ನೋಡಿ. ಆ ಊರುಗಳನ್ನು ಜೋಡಿಸಿದರೆ ದಾರಿ ತಾನಾಗೇ ಸಿಗುತ್ತದೆ. ದಿನಕ್ಕೆ 30–40 ಕಿಲೋಮೀಟರ್ ಧಾರಾಳ ಸಾಕು. ಈ ಕಣಿವೆಯಲ್ಲಿ ನೋಡುವಂಥದ್ದು ಎಲ್ಲ ಹಳ್ಳಿಯ ಒಳಗೆ, ಊಟದ ಮೇಜಿನ ಮೇಲೆ, ದಂಡೆಯ ಬೆಂಚಿನ ಮುಂದೆ ಇದೆ. ಭರದಿಂದ ತುಳಿದರೆ ಇವೆಲ್ಲ ಹಿಂದೆ ಉಳಿದುಬಿಡುತ್ತವೆ.

ಊರಿನ ಹೆಸರುಗಳನ್ನು ಅಲ್ಲಿಯವರು ಹೇಳುವ ಹಾಗೆ ಇಲ್ಲಿ ಬರೆದಿದ್ದೇನೆ. ಬೋರ್ಡಿನಲ್ಲಿ ಕೊನೆಯ ಅಕ್ಷರಗಳು ಜಾಸ್ತಿ ಇರುತ್ತವೆ. ಹಾಗಾಗಿ ಹೊರಡುವ ಮುಂಚೆ ಫೋನಿನ ಮ್ಯಾಪಿನಲ್ಲಿ ಒಂದೊಂದು ಊರನ್ನೂ ಗುರುತು ಹಾಕಿಟ್ಟುಕೊಳ್ಳಿ.

ಹಂತ 1: ತಿಂಗಳು ಮತ್ತು ದಿಕ್ಕು

ಮೇ ಎರಡನೇ ವಾರದಿಂದ ಜೂನ್ ಕೊನೆಯವರೆಗೆ, ಇಲ್ಲವಾದರೆ ಸೆಪ್ಟೆಂಬರ್. ಜುಲೈ, ಆಗಸ್ಟಿನಲ್ಲಿ ಫ್ರೆಂಚರೆಲ್ಲ ರಜೆಯಲ್ಲಿರುತ್ತಾರೆ. ಹಳ್ಳಿಯ ರೂಮುಗಳು ತುಂಬಿರುತ್ತವೆ, ಬಿಸಿಲೂ ಕೆಲವು ದಿನ 35 ಡಿಗ್ರಿ ದಾಟುತ್ತದೆ. ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಊಟ ಮುಗಿಸಿಯೂ ಬೆಳಕಲ್ಲಿ ನದಿ ದಂಡೆಗೆ ಹೋಗಿ ಕೂರಬಹುದು. ಸೆಪ್ಟೆಂಬರಿನಲ್ಲಿ ನೀರು ಇಳಿದು ಮರಳಿನ ದಿಬ್ಬಗಳು ಅಗಲವಾಗಿ ಕಾಣುತ್ತವೆ, ದ್ರಾಕ್ಷಿ ಕೊಯ್ಲು ಶುರುವಾಗಿರುತ್ತದೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನನ್ನ ಆಯ್ಕೆ ಜೂನ್.

ಮೇ ತಿಂಗಳಲ್ಲಿ ಒಂದು ಎಚ್ಚರ. 1 ಮತ್ತು 8ನೇ ತಾರೀಕು ಸರ್ಕಾರಿ ರಜೆ. ಕ್ರಿಸ್ತನ ಸ್ವರ್ಗಾರೋಹಣದ ಗುರುವಾರವೂ ರಜೆ. ಅದಕ್ಕೆ ಶುಕ್ರವಾರ ಸೇರಿಸಿ ನಾಲ್ಕು ದಿನ ಊರು ಬಿಡುವವರು ಜಾಸ್ತಿ. ಆ ವಾರಗಳನ್ನು ತಪ್ಪಿಸಿ.

ಇನ್ನು ದಿಕ್ಕು. ಹೆಚ್ಚಿನವರು ಪೂರ್ವದಿಂದ ಪಶ್ಚಿಮಕ್ಕೆ, ನೀರು ಹರಿಯುವ ಕಡೆಗೇ ಹೋಗುತ್ತಾರೆ. ಇಳಿಜಾರು ಸಿಗುತ್ತದೆ ಎಂಬ ನಂಬಿಕೆ. ಆದರೆ ಈ ಭಾಗದಲ್ಲಿ ನದಿ ಕಿಲೋಮೀಟರಿಗೆ ಅರ್ಧ ಮೀಟರೂ ಇಳಿಯುವುದಿಲ್ಲ, ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಗಾಳಿ. ಅಟ್ಲಾಂಟಿಕ್ ಕಡೆಯಿಂದ ಬರುವ ಗಾಳಿ ಇಲ್ಲಿ ಬಹುತೇಕ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ದಂಡೆಯ ಏರಿ ಬಯಲಿಗಿಂತ ಎತ್ತರದಲ್ಲಿದೆ, ಮರೆಯೂ ಕಡಿಮೆ. ಎದುರು ಗಾಳಿಗೆ ಬ್ಯಾಗು ಹೊತ್ತ ಸೈಕಲ್ ತುಳಿಯುವುದು ಸಣ್ಣ ಕೆಲಸವಲ್ಲ. ಅದಕ್ಕೇ ಆಂಜೆಯಲ್ಲಿ ಶುರು ಮಾಡಿ ಬ್ಲ್ವಾದಲ್ಲಿ ಮುಗಿಸಿ. ಗಾಳಿ ಬೆನ್ನ ಹಿಂದೆ ಇರುತ್ತದೆ, ಕೊನೆಗೆ ಪ್ಯಾರಿಸ್ಸಿಗೂ ಹತ್ತಿರವಾಗುತ್ತೀರಿ.

ಹಂತ 2: ವೀಸಾ, ವಿಮಾನ, ರೈಲು

ಶೆಂಗೆನ್ ವೀಸಾ ಬೇಕು. ಹೊರಡುವ ದಿನಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ನಿಯಮದ ಪ್ರಕಾರ ಕೊನೆ ಗಡುವು 15 ದಿನ, ಆದರೆ ಅಲ್ಲಿಯವರೆಗೆ ಕಾಯಬೇಡಿ. ವೀಸಾ ಅರ್ಜಿ ತೆಗೆದುಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಕೊಡಬಹುದು. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ವಿಮೆ ಕಡ್ಡಾಯ. ವಿಮೆ ತೆಗೆದುಕೊಳ್ಳುವಾಗ ಸೈಕಲ್ ಸವಾರಿ, ಅದರಲ್ಲೂ ಬ್ಯಾಟರಿ ಸೈಕಲ್, ಅದರಲ್ಲಿ ಸೇರಿದೆಯಾ ಎಂದು ಓದಿ ನೋಡಿ. ಪ್ರತಿ ರಾತ್ರಿಯ ವಸತಿ ಬುಕಿಂಗನ್ನೂ ವೀಸಾಗೆ ಕೇಳುತ್ತಾರೆ. ರೂಮು ಮೊದಲು, ದಾರಿ ಆಮೇಲೆ ಎಂದು ನಾನು ಹೇಳಿದ ಕ್ರಮ ಇಲ್ಲೂ ಅನುಕೂಲಕ್ಕೆ ಬರುತ್ತದೆ.

ಪ್ಯಾರಿಸ್ಸಿನ ಮೋಂಪಾರ್ನಾಸ್ ನಿಲ್ದಾಣದಿಂದ ಆಂಜೆಗೆ ಟಿಜಿವಿ ಎಂಬ ಅತಿ ವೇಗದ ರೈಲಿನಲ್ಲಿ ಒಂದೂವರೆ ಗಂಟೆಯ ಆಸುಪಾಸು. ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದ ಒಳಗಿನಿಂದಲೇ ಆಂಜೆಗೆ ನೇರ ಹೋಗುವ ಕೆಲವು ಟಿಜಿವಿಗಳಿವೆ. ಸಮಯ ಹೊಂದಿದರೆ ಅದನ್ನೇ ಹಿಡಿಯಿರಿ, ಪ್ಯಾರಿಸ್ ಮೆಟ್ರೋದಲ್ಲಿ ಲಗೇಜು ಎಳೆದಾಡುವುದು ತಪ್ಪುತ್ತದೆ. ಮೊದಲ ರಾತ್ರಿ ಆಂಜೆಯಲ್ಲಿ ಸುಮ್ನೆ ಮಲಗಿ. ವಿಮಾನ ಇಳಿದ ದಿನವೇ ಸೈಕಲ್ ಹತ್ತಬೇಡಿ.

ಮನೆಯಿಂದ ತಿಂಡಿ ಒಯ್ಯುವವರಿಗೆ ಒಂದು ಮಾತು. ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪ, ಪೇಡಾ ಮನೆಯಲ್ಲೇ ಇರಲಿ. ಚಟ್ನಿಪುಡಿ ಒಂದು ಡಬ್ಬಿ ಇಟ್ಟುಕೊಳ್ಳಿ, ಅಲ್ಲಿಯ ಬ್ರೆಡ್ಡಿಗೆ ಚೆನ್ನಾಗಿ ಹೊಂದುತ್ತದೆ.

ಹಂತ 3: ವಸತಿ ಹಿಡಿಯುವುದು

ಇಡೀ ಯೋಜನೆಯಲ್ಲಿ ನಿಮ್ಮ ಹೆಚ್ಚಿನ ಸಮಯ ಇದಕ್ಕೇ ಹೋಗಲಿ. ಹಳ್ಳಿಗಳಲ್ಲಿ ಮುಖ್ಯವಾಗಿ ಎರಡು ಬಗೆಯ ವಸತಿ ಸಿಗುತ್ತದೆ. ಒಂದು 'ಓಬೆರ್ಜ್': ಕೆಳಗೆ ಊಟದ ಮನೆ, ಮೇಲೆ ಕೆಲವು ರೂಮು. ಇನ್ನೊಂದು 'ಶಾಂಬ್ರ್ ದೋತ್': ಮನೆಯವರೇ ತಮ್ಮ ಮನೆಯಲ್ಲಿ ರೂಮು ಕೊಡುವ ಹೋಮ್‌ಸ್ಟೇ. ಕಾನೂನಿನ ಪ್ರಕಾರ ಇದರಲ್ಲಿ ಐದು ರೂಮು, 15 ಅತಿಥಿಗಳಿಗಿಂತ ಜಾಸ್ತಿ ಇರುವಂತಿಲ್ಲ, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರಬೇಕು. ಇಬ್ಬರಿಗೆ ಒಂದು ರೂಮಿಗೆ ಸಾಮಾನ್ಯವಾಗಿ 70ರಿಂದ 110 ಯೂರೋ ಇಟ್ಟುಕೊಳ್ಳಿ. ಅದರ ಮೇಲೆ ತಲೆಗಿಷ್ಟು ಎಂದು ಸಣ್ಣದೊಂದು ಪ್ರವಾಸಿ ತೆರಿಗೆ ಇರುತ್ತದೆ.

ಕೆಲವು ಶಾಂಬ್ರ್ ದೋತ್‌ಗಳಲ್ಲಿ 'ತಾಬ್ಲ್ ದೋತ್' ಇರುತ್ತದೆ. ಎಂದರೆ ರಾತ್ರಿ ಊಟವೂ ಅಲ್ಲೇ, ಎಲ್ಲ ಅತಿಥಿಗಳೂ ಮನೆಯವರ ಜೊತೆ ಒಂದೇ ಮೇಜಿಗೆ. ಇದು ಸಿಕ್ಕರೆ ಬಿಡಬೇಡಿ. ಸಾಯಂಕಾಲ ಐದೂವರೆಗೆ ಸೈಕಲ್ ತಳ್ಳಿಕೊಂಡು ಗೇಟಿನ ಒಳಗೆ ಬರುತ್ತೀರಿ. ಮನೆಯಾಕೆ ಮೊದಲು ತೋರಿಸುವುದು ರೂಮನ್ನಲ್ಲ, ಸೈಕಲ್ ಇಡುವ ಕೊಟ್ಟಿಗೆಯನ್ನು. ಗೋಡೆಯ ಮೊಳೆಗೆ ಪಂಪು, ಕೆಳಗೆ ಚೈನಿಗೆ ಎಣ್ಣೆ, ಹಳೇ ಬಟ್ಟೆಚೂರು. ಹಿತ್ತಿಲಲ್ಲಿ ನೀರಿನ ಪೈಪು. ಮೈ ತೊಳೆದು ಬಂದರೆ ಏಳೂವರೆಗೆ ಮೇಜು ಹಾಸಿರುತ್ತದೆ. ಒಂದೊಂದೇ ಪದಾರ್ಥ ಬರುತ್ತದೆ, ನಡುವೆ ಮಾತು ನಡೆಯುತ್ತಲೇ ಇರುತ್ತದೆ. ಎದ್ದೇಳುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಭಾಷೆ ಬಾರದಿದ್ದರೂ ನಿಮ್ಮ ಊರು ಎಲ್ಲಿ ಎಂದು ಮ್ಯಾಪಿನಲ್ಲಿ ತೋರಿಸುವುದರಿಂದಲೇ ಮಾತು ಶುರುವಾಗುತ್ತದೆ.

ಹುಡುಕುವಾಗ 'ಅಕೈ ವೆಲೊ' ಎಂಬ ಗುರುತು ನೋಡಿ. ಸೈಕಲ್ ಸವಾರರಿಗೆ ಸೌಕರ್ಯ ಮಾಡಿಕೊಟ್ಟವರಿಗೆ ಕೊಡುವ ಗುರುತು ಅದು. ದಾರಿಯಿಂದ ಐದು ಕಿಲೋಮೀಟರಿನ ಒಳಗಿರಬೇಕು, ಬೀಗ ಹಾಕುವ ಜಾಗ, ರಿಪೇರಿ ಸಾಮಾನು ಇರಬೇಕು ಎಂಬ ಷರತ್ತುಗಳಿವೆ.

ಬುಕ್ ಮಾಡುವಾಗಲೇ ನಾಲ್ಕು ವಿಷಯ ಬರೆದು ಕೇಳಿ. ಆ ದಿನ ರಾತ್ರಿ ಊಟ ಸಿಗುತ್ತದಾ? ಸಸ್ಯಾಹಾರ ಮಾಡಿಕೊಡುತ್ತೀರಾ? ಸೈಕಲ್ಲಿಗೆ ಬೀಗದ ಜಾಗ ಇದೆಯಾ? ಎಷ್ಟು ಗಂಟೆಯೊಳಗೆ ಬರಬೇಕು? ಮೊದಲ ಪ್ರಶ್ನೆ ಬಹಳ ಮುಖ್ಯ. ಹಳ್ಳಿಯ ಊಟದ ಮನೆಗಳು ಭಾನುವಾರ ರಾತ್ರಿ ಮತ್ತು ಸೋಮವಾರ ಮುಚ್ಚಿರುವುದೇ ಹೆಚ್ಚು. ಅದಕ್ಕೆ ಭಾನುವಾರ, ಸೋಮವಾರದ ರಾತ್ರಿಗಳು ತೂರ್, ಸೋಮ್ಯೂರ್, ಆಂಬ್ವಾಜ್‌ನಂಥ ಪಟ್ಟಣದಲ್ಲಿ ಬರುವ ಹಾಗೆ ಹೊರಡುವ ವಾರವನ್ನು ಆರಿಸಿ. ಕೆಳಗೆ ಕೊಟ್ಟಿರುವ ದಾರಿಗೆ ಗುರುವಾರ ಹೊರಟರೆ ಭಾನುವಾರ ರಾತ್ರಿ ತೂರ್, ಸೋಮವಾರ ರಾತ್ರಿ ಆಂಬ್ವಾಜ್ ಬರುತ್ತದೆ.

ಹಂತ 4: ಸೈಕಲ್ ಮತ್ತು ಸಾಮಾನು

ಊರಿಂದ ಸೈಕಲ್ ಒಯ್ಯುವ ಅಗತ್ಯವಿಲ್ಲ. ಒಂದು ಊರಲ್ಲಿ ತೆಗೆದುಕೊಂಡು ಇನ್ನೊಂದು ಊರಲ್ಲಿ ಬಿಡುವ ಬಾಡಿಗೆ ಅಂಗಡಿಗಳು ಈ ದಾರಿಯಲ್ಲಿ ಹಲವು ಇವೆ. 'ದೆತೂರ್ ದ ಲ್ವಾರ್' ಇದಕ್ಕೇ ಹೆಸರಾದ ಜಾಲ. 'ವೆತೆಸೆ' ಎಂದು ಕೇಳಿ. ನೇರ ಕೂತು ಓಡಿಸುವ, ಅಗಲ ಟಯರಿನ, ಕ್ಯಾರಿಯರ್ ಇರುವ ಸಾದಾ ಪ್ರವಾಸಿ ಸೈಕಲ್ ಅದು. ದಿನಕ್ಕೆ 20 ಯೂರೋ ಆಸುಪಾಸು, ಬ್ಯಾಟರಿಯದ್ದಕ್ಕೆ ಸುಮಾರು ಎರಡರಷ್ಟು. ದಾರಿ ಬಹುಪಾಲು ಸಮತಟ್ಟು, ಬ್ಯಾಟರಿ ಇಲ್ಲದೆಯೂ ಆರಾಮವಾಗಿ ನಡೆಯುತ್ತದೆ. ಮಂಡಿ ನೋವಿರುವವರು, ಸವಾರಿ ಬಿಟ್ಟು ಬಹಳ ವರ್ಷ ಆದವರು ಬ್ಯಾಟರಿಯದ್ದನ್ನೇ ತೆಗೆದುಕೊಳ್ಳಿ, ಅದರಲ್ಲಿ ಸಂಕೋಚ ಬೇಡ.

ಅಂಗಡಿಯಿಂದ ಹೊರಡುವ ಮುಂಚೆ ಸೀಟಿನ ಎತ್ತರ ಸರಿ ಮಾಡಿಸಿಕೊಳ್ಳಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ಎರಡೂ ಬ್ರೇಕು, ಎಲ್ಲ ಗೇರು, ಮುಂದಿನ ಹಿಂದಿನ ದೀಪ ನೋಡಿ. ಒಂದು ಟ್ಯೂಬು, ಟಯರ್ ಬಿಚ್ಚುವ ಪಟ್ಟಿ, ಪಂಪು, ಬೀಗ ಕೇಳಿ ಪಡೆಯಿರಿ. ಸೈಕಲ್ಲಿನ ಗೀರುಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಸಾಮಾನಿಗೆ ಕ್ಯಾರಿಯರ್‌ನ ಎರಡೂ ಬದಿಗೆ ನೇತುಹಾಕುವ ಬ್ಯಾಗು ಸಾಕು. ಎರಡರಲ್ಲೂ ತೂಕ ಒಂದೇ ಸಮ ಇರಲಿ. ಬೆನ್ನಿಗೆ ಬ್ಯಾಗು ಬೇಡವೇ ಬೇಡ. ಎರಡು ಜೊತೆ ಸವಾರಿ ಬಟ್ಟೆ, ರಾತ್ರಿ ಊಟಕ್ಕೆ ಒಂದು ಒಳ್ಳೆಯ ಜೊತೆ, ತೆಳು ಮಳೆ ಜಾಕೆಟ್, ಒಂದು ಸ್ವೆಟರ್. ಜೂನಿನಲ್ಲೂ ಬೆಳಗಿನ ಹೊತ್ತು ಚಳಿ ಇರುತ್ತದೆ. ಇಷ್ಟರಲ್ಲಿ ಆಗಲ್ಲ ಅನ್ನುವವರಿಗೆ ದೊಡ್ಡ ಬ್ಯಾಗನ್ನು ಒಂದು ವಸತಿಯಿಂದ ಮುಂದಿನ ವಸತಿಗೆ ವ್ಯಾನಿನಲ್ಲಿ ಮುಟ್ಟಿಸುವ ಸೇವೆಯೂ ಇದೆ. ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ ಆ ಖರ್ಚು ಮಾಡಿ.

ಹಂತ 5: ದಾರಿಯ ನಿಯಮ

ಬಲಗಡೆ ಸವಾರಿ. ಮೊದಲ ದಿನ ವೃತ್ತಗಳಲ್ಲಿ, ಅಂಗಡಿಯಿಂದ ಹೊರಗೆ ಬರುವಾಗ ಕೈ ತಾನಾಗೇ ಎಡಕ್ಕೆ ಎಳೆಯುತ್ತದೆ, ಜೋಪಾನ. ಊರೊಳಗೆ ಬೋರ್ಡು ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಕಿವಿಗೆ ಇಯರ್‌ಫೋನ್ ಹಾಕಿ ಓಡಿಸುವುದು, ಫೋನ್ ಕೈಯಲ್ಲಿ ಹಿಡಿಯುವುದು ಎರಡಕ್ಕೂ 135 ಯೂರೋ ದಂಡ. 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ, ದೊಡ್ಡವರೂ ಹಾಕಿಕೊಳ್ಳಿ. ಊರಾಚೆ ಕತ್ತಲಲ್ಲಿ ಅಥವಾ ಮಂಜಿನಲ್ಲಿ ಹೊಳೆಯುವ ಜಾಕೆಟ್ ಬೇಕೇ ಬೇಕು. ತುರ್ತಿಗೆ 112.

ದಾರಿ ತುಂಬ ಬಾಣದ ಗುರುತುಗಳಿವೆ. ಎಲ್ಲ ಕಡೆ ಬರೀ ಸೈಕಲ್ ರಸ್ತೆ ಇಲ್ಲ. ಕೆಲವು ಕಡೆ ಕಾರು ಕಡಿಮೆ ಓಡಾಡುವ ಹಳ್ಳಿ ರಸ್ತೆ, ಕೆಲವು ಕಡೆ ನದಿಯ ಏರಿಯ ಮೇಲಿನ ರಸ್ತೆ. ಏರಿ ಪ್ರವಾಹ ತಡೆಯಲು ಕಟ್ಟಿದ್ದು. 1846, 1856, 1866ರಲ್ಲಿ ಲ್ವಾರ್ ಉಕ್ಕಿ ಏರಿ ಒಡೆದು ಊರುಗಳಿಗೆ ನುಗ್ಗಿತ್ತು. ದಂಡೆಯ ಹಳ್ಳಿಗಳ ಗೋಡೆಯಲ್ಲಿ, ಬಾಗಿಲ ಪಕ್ಕದಲ್ಲಿ ಒಂದು ಗೆರೆ ಕೊರೆದು ಇಸವಿ ಬರೆದಿರುತ್ತಾರೆ. ಸೈಕಲ್ ನಿಲ್ಲಿಸಿ ಆ ಗೆರೆಯ ಪಕ್ಕ ನಿಂತು ನೋಡಿ. ಎಷ್ಟೋ ಕಡೆ ಅದು ನಿಮ್ಮ ತಲೆಗಿಂತ ಮೇಲಿರುತ್ತದೆ. ಬೇಸಿಗೆಯಲ್ಲಿ ಮರಳ ನಡುವೆ ಸಣ್ಣಗೆ ಹರಿಯುವ ನದಿ ಇದೇನಾ ಅನಿಸುತ್ತದೆ.

ಆ ಮರಳು ನೋಡಿ ಇಳಿಯಬೇಡಿ. ಮರಳ ದಿಬ್ಬಗಳು ಸರಿಯುತ್ತಿರುತ್ತವೆ, ಅಡಿಯಲ್ಲಿ ಸೆಳೆತ ಇದೆ. ಮೊಣಕಾಲುದ್ದದ ನೀರು ಎರಡೇ ಹೆಜ್ಜೆಗೆ ಆಳವಾಗಿಬಿಡುತ್ತದೆ. ಲ್ವಾರ್‌ನಲ್ಲಿ ಈಜು ಬೇಡ. ಬೇಸಿಗೆಯಲ್ಲಿ ಆ ದಿಬ್ಬಗಳ ಮೇಲೆ ರೀವ ಹಕ್ಕಿಗಳು ಮೊಟ್ಟೆ ಇಡುತ್ತವೆ, ಅವುಗಳಿಗೂ ತೊಂದರೆ. ದಂಡೆಯಿಂದ ನೋಡಿದರೇ ಚಂದ.

ಹಂತ 6: ಹೊಟ್ಟೆಪಾಡು

ಮಧ್ಯಾಹ್ನದ ಊಟ 12ರಿಂದ 2, ರಾತ್ರಿಯದ್ದು ಏಳೂವರೆಯಿಂದ. ನಡುವೆ ಅಡುಗೆಮನೆ ಮುಚ್ಚಿರುತ್ತದೆ. ಎರಡೂಕಾಲಿಗೆ ಹೋದರೆ ಎಷ್ಟೇ ಕೇಳಿಕೊಂಡರೂ ಊಟ ಸಿಗುವುದಿಲ್ಲ. ದಿನದ ಸವಾರಿಯನ್ನು ಈ ಗಡಿಯಾರಕ್ಕೆ ಹೊಂದಿಸಿ: ಒಂಬತ್ತೂವರೆಗೆ ಹೊರಡಿ, 12ರೊಳಗೆ 20 ಕಿಲೋಮೀಟರ್, ನಿಧಾನ ಊಟ, ಆಮೇಲೆ ಉಳಿದ ಹತ್ತು ಹದಿನೈದು. ಬ್ಯಾಗಿನಲ್ಲಿ ಸದಾ ಅರ್ಧ ಬ್ರೆಡ್ಡು, ಒಂದು ಚೂರು ಚೀಸು, ಹಣ್ಣು ಇರಲಿ. ಬ್ರೆಡ್ ಅಂಗಡಿಗಳಿಗೂ ವಾರಕ್ಕೊಂದು ರಜೆ ಇರುತ್ತದೆ.

ಅಂಗಡಿ, ಊಟದ ಮನೆ, ಎಲ್ಲಿಗೆ ಕಾಲಿಟ್ಟರೂ ಮೊದಲು 'ಬೋಂಜೂರ್' ಹೇಳಿ. ಅದು ಹೇಳದೆ ನೇರ ವಿಷಯಕ್ಕೆ ಬಂದರೆ ಅವರಿಗೆ ಒರಟಾಗಿ ಕಾಣುತ್ತದೆ. ಹೇಳಿದರೆ ಮುಕ್ಕಾಲು ಕೆಲಸ ಆದ ಹಾಗೆ.

ಸಸ್ಯಾಹಾರಿಗಳು ಬರೀ 'ವೆಜೆತಾರಿಯಾಂ' ಎಂದರೆ ಸಾಲದು, ಕೆಲವರು ಮೀನು ಆಗುತ್ತದೆ ಎಂದುಕೊಳ್ಳುತ್ತಾರೆ. 'ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ' ಎನ್ನಿ. ಮಾಂಸ ಬೇಡ, ಮೀನು ಬೇಡ, ಹಂದಿಮಾಂಸದ ತುಣುಕು ಬೇಡ. ಮೂರನೆಯದು ಯಾಕೆಂದರೆ ತರಕಾರಿ ಸಲಾಡಿಗೂ ಆ ತುಣುಕು ಉದುರಿಸುವ ರೂಢಿ ಇದೆ. ಸೂಪಿಗೆ ಮೂಳೆಯ ನೀರು ಹಾಕಿರಬಹುದು, ಕೇಳಿ. ಚೀಸಿನಲ್ಲಿ ಹಲವಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಕಟ್ಟುನಿಟ್ಟಿನವರಿಗೆ ಇದು ತಿಳಿದಿರಲಿ.

ಈ ಕಡೆಯ ವಿಶೇಷ 'ಫುಯೆ'. ಸಣ್ಣ ಹಿಟ್ಟಿನ ಉಂಡೆ ತಟ್ಟಿ ಸೌದೆ ಒಲೆಯೊಳಗೆ ತಳ್ಳುತ್ತಾರೆ, ಪೂರಿಯ ಹಾಗೆ ಉಬ್ಬಿ ಬರುತ್ತದೆ. ಬಿಸಿ ಇರುವಾಗಲೇ ಬಾಯಿ ಸೀಳಿ ಒಳಗೆ ಬೆಣ್ಣೆ, ಬೆಳ್ಳುಳ್ಳಿ, ಆಡಿನ ಹಾಲಿನ ಚೀಸು ತುಂಬಿಕೊಳ್ಳುವುದು. ಸೋಮ್ಯೂರ್ ಸುತ್ತಮುತ್ತ ಕಲ್ಲು ತೆಗೆದ ಗುಹೆಗಳಲ್ಲಿ ಅಣಬೆ ಬೆಳೆಯುತ್ತಾರೆ, ಅದನ್ನೂ ಕೇಳಿ. ತುರೇನ್ ಪ್ರಾಂತ್ಯದ ಸೇಂತ್ ಮೋರ್ ಚೀಸು ಉದ್ದ ಕೊಳವೆ ಆಕಾರದ್ದು, ನಡುವೆ ಒಂದು ಹುಲ್ಲುಕಡ್ಡಿ ತೂರಿಸಿರುತ್ತಾರೆ. ತಿನ್ನುವ ಮುಂಚೆ ಅದನ್ನು ಎಳೆದು ನೋಡಿ. ಮಾಡಿದವರ ಗುರುತು ಆ ಕಡ್ಡಿಯ ಮೇಲೇ ಅಚ್ಚಾಗಿರುತ್ತದೆ. ಮಾಂಸ ತಿನ್ನುವವರಿಗೆ ತೂರ್‌ನ ರಿಯೆತ್, ಎಂದರೆ ಹಂದಿಮಾಂಸವನ್ನು ತಾಸುಗಟ್ಟಲೆ ಬೇಯಿಸಿ ಎಳೆ ಎಳೆ ಬಿಡಿಸಿದ್ದು. ಊಟದ ಜೊತೆ 'ಕರಾಫ್ ದೋ' ಕೇಳಿದರೆ ನಲ್ಲಿ ನೀರು ಪುಕ್ಕಟೆ ಕೊಡುತ್ತಾರೆ, ಕುಡಿಯಲು ಯೋಗ್ಯ. ದಾರಿಯಲ್ಲಿ ಬಾಟಲಿ ಖಾಲಿಯಾದರೆ ಹಳ್ಳಿಯ ಸ್ಮಶಾನದ ಗೇಟಿನ ಬಳಿ ನಲ್ಲಿ ಇರುತ್ತದೆ, ಸವಾರರೆಲ್ಲ ಅಲ್ಲೇ ತುಂಬಿಕೊಳ್ಳುವುದು. 'ನೋಂ ಪೊತಾಬ್ಲ್' ಎಂಬ ಬೋರ್ಡಿದ್ದರೆ ಮಾತ್ರ ಬೇಡ.

ಹಂತ 7: ದಿನದಿನದ ದಾರಿ

ಮೊದಲ ದಿನ, ಆಂಜೆಯಿಂದ ಜೆನ್, ಸುಮಾರು 40 ಕಿಲೋಮೀಟರ್. ಆಂಜೆ ಇರುವುದು ಲ್ವಾರ್ ಮೇಲಲ್ಲ, ಅದಕ್ಕೆ ಸೇರುವ ಮೇನ್ ನದಿಯ ಮೇಲೆ. ಹಿಂದಿನ ದಿನವೇ ಕೋಟೆಯೊಳಗಿನ 14ನೇ ಶತಮಾನದ ಅಪೊಕಲಿಪ್ಸ್, ಅಂದರೆ ಬೈಬಲಿನ ಲೋಕಾಂತ್ಯದ ಕಥೆಯ ನೇಯ್ಗೆ ಚಿತ್ರ ನೋಡಿರಿ. ಊರಾಚೆ ತ್ರೆಲಾಜೆಯ ಹಳೇ ಕಪ್ಪು ಚಪ್ಪಡಿ ಗಣಿಗಳ ಮಧ್ಯೆ ಹಾದು ನದಿಗೆ ಬರುತ್ತೀರಿ. ದಕ್ಷಿಣ ದಂಡೆಯ ಲ ತುರೈ ಹಳ್ಳಿಯಲ್ಲಿ ನೀರಿನ ಅಂಚಿಗೇ ಮನೆಗಳ ಸಾಲು. ಅಲ್ಲೊಂದು ಕಾಫಿ ಕುಡಿದು ಜೆನ್ ತಲುಪಿ.

ಎರಡನೇ ದಿನ, ಜೆನ್‌ನಿಂದ ಮೋಂಸೊರೊ, 30 ಕಿಲೋಮೀಟರ್ ಚಿಲ್ಲರೆ. ನನ್ನ ಮಟ್ಟಿಗೆ ಇಡೀ ವಾರದ ಅತ್ಯುತ್ತಮ ದಿನ ಇದು. ಬೆಳಿಗ್ಗೆಯೇ ಕ್ಯೂನೋ ಹಳ್ಳಿಯ ಪುರಾತನ ಚರ್ಚು, ಕಂಬದ ತಲೆಗಳಲ್ಲಿ ಕೆತ್ತಿದ ಮನುಷ್ಯರು, ವಿಚಿತ್ರ ಪ್ರಾಣಿಗಳು. ಮಧ್ಯಾಹ್ನಕ್ಕೆ ಸೋಮ್ಯೂರ್. ಬಿಳಿ ಕೋಟೆಯ ಈ ಊರಿನ ಸೇತುವೆಗಳನ್ನು 1940ರ ಜೂನಿನಲ್ಲಿ ಅಲ್ಲಿಯ ಅಶ್ವದಳ ಶಾಲೆಯ ಹುಡುಗರು ಜರ್ಮನ್ ಸೇನೆಗೆ ಎದುರಾಗಿ ಕಾದಿದ್ದರು. ಊಟ ಮುಗಿಸಿ ಹೊರಟರೆ ಎಡಕ್ಕೆ ನದಿ, ಬಲಕ್ಕೆ ತ್ಯುಫೊ ಎಂಬ ಮೆತು ಬಿಳಿಗಲ್ಲಿನ ಗೋಡೆ. ಸೂಜೆ ಹಳ್ಳಿಯಲ್ಲಿ ದಾರಿ ನೇರ ಆ ಬಂಡೆಯ ಒಳಗೇ ನುಗ್ಗುತ್ತದೆ. ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಿ. ಎರಡೂ ಕಡೆ ಬಂಡೆಯಲ್ಲೇ ಕೊರೆದ ಬಾಗಿಲು, ಕಿಟಕಿ, ಒಲೆಗಳು. ಹೊರಗೆ ಸುಡುವ ಬಿಸಿಲಿದ್ದರೂ ಒಳಗೆ ತಣ್ಣಗೆ. ಕಟ್ಟಡಕ್ಕೆ ಕಲ್ಲು ತೆಗೆದ ಗುಂಡಿಗಳೇ ಬಡವರಿಗೆ ಮನೆಯಾಗಿದ್ದವು. ಮುಂದಿನ ತ್ಯುರ್ಕಾಂ ಹಳ್ಳಿಯಲ್ಲಿ ಸೇಬನ್ನು ಒಲೆಯಲ್ಲಿ ಒಣಗಿಸಿ ತಟ್ಟಿ ಚಪ್ಪಟೆ ಮಾಡುವ ಹಳೇ ಪದ್ಧತಿಯನ್ನು ಗುಹೆಯೊಳಗೇ ತೋರಿಸುತ್ತಾರೆ.

ಮೋಂಸೊರೊಗೆ ಅಂಟಿಕೊಂಡೇ ಕಾಂದ್ ಸೇಂ ಮಾರ್ತಾಂ. ಇಲ್ಲಿ ವಿಯೆನ್ ನದಿ ಲ್ವಾರ್‌ಗೆ ಸೇರುತ್ತದೆ. ತೂರ್‌ನ ಬಿಷಪ್ ಆಗಿದ್ದ ಸಂತ ಮಾರ್ತಾಂ 397ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ಚರ್ಚಿನ ಹಿಂದಿನ ಓಣಿ ಹತ್ತಿ ಮೇಲೆ ಹೋದರೆ ಎರಡೂ ನದಿ ಒಟ್ಟಿಗೆ ಕಾಣುತ್ತವೆ. ಸಾಧ್ಯವಾದರೆ ಇಲ್ಲಿ ಎರಡು ರಾತ್ರಿ ನಿಲ್ಲಿ, ಒಂದು ದಿನ ಜಾಸ್ತಿ ಹಿಡಿದುಕೊಂಡು. ಆಗ ಗುರುವಾರದ ಬದಲು ಬುಧವಾರವೇ ಹೊರಡಿ. ಐದು ಕಿಲೋಮೀಟರ್ ಏರು ಹತ್ತಿದರೆ ಫೋಂಟೆವ್ರೊ ಮಠ ಇದೆ. ಅಲ್ಲಿ ಅಕಿತೇನ್‌ನ ರಾಣಿ ಎಲೆನೋರ್ ಪುಸ್ತಕ ಹಿಡಿದು ಮಲಗಿದ ಬಣ್ಣದ ಸಮಾಧಿ ಶಿಲ್ಪ, ಅವಳ ಹತ್ತಿರವೇ ಮಗ, ಇಂಗ್ಲೆಂಡಿನ ರಾಜ ಸಿಂಹಹೃದಯಿ ರಿಚರ್ಡ್‌ನದ್ದು.

ಮೂರನೇ ದಿನ, ಬ್ರೆಎಮೋಂವರೆಗೆ, 40ರ ಆಸುಪಾಸು. ಎರಡು ನದಿಗಳ ನಡುವಿನ ಹೊಲ, ಕೆಂಪು ವೈನಿನ ದ್ರಾಕ್ಷಿ ತೋಟ. ಅವೊಆನ್ ಹತ್ತಿರ ಅಣುಸ್ಥಾವರವೂ ಕಣ್ಣಿಗೆ ಬೀಳುತ್ತದೆ. ಯುಸ್ಸೆ ಕೋಟೆಯ ಮುಂದೆ ಸ್ವಲ್ಪ ನಿಂತು ಮುಂದೆ ಹೋಗಿ. ಬ್ರೆಎಮೋಂ ಒಂದು ಕಾಲಕ್ಕೆ ಸೆಣಬಿನಂಥ ನಾರು ಬೆಳೆಗೆ ಹೆಸರಾದ ಹಳ್ಳಿ, ನಾರು ಒಣಗಿಸುವ ಒಲೆಮನೆಗಳು ಈಗಲೂ ಇವೆ. ಗದ್ದಲವೇ ಇಲ್ಲ.

ನಾಲ್ಕನೇ ದಿನ ತೂರ್, 35ರ ಸುತ್ತ. ದಾರಿಯಲ್ಲಿ ವಿಲಾಂದ್ರಿಗೆ ಪೂರ್ತಿ ಎರಡು ಗಂಟೆ ಕೊಡಿ. ಕೋಟೆಯ ಒಳಗಿಗಿಂತ ತೋಟ ಮುಖ್ಯ. ಒಂಬತ್ತು ಚೌಕಗಳಲ್ಲಿ ಕೋಸು, ಬೀಟು, ಈರುಳ್ಳಿಯನ್ನು ರಂಗೋಲಿ ಬಿಡಿಸಿದ ಅಚ್ಚುಕಟ್ಟಿನಲ್ಲಿ ನೆಟ್ಟಿದ್ದಾರೆ. 1906ರಲ್ಲಿ ಈ ಜಾಗ ಕೊಂಡ ಜೊವಾಕಿಂ ಕಾರ್ವಾಯೊ ಅಳಿದುಹೋಗಿದ್ದ ತೋಟವನ್ನು ಮತ್ತೆ ಎಬ್ಬಿಸಿದರು. ಮೇಲಿನ ಜಗಲಿ ಹತ್ತಿ ನೋಡಿದರೇ ಅದರ ವಿನ್ಯಾಸ ತಿಳಿಯುವುದು. ಆಮೇಲೆ ಸಾವೊನ್ಯೇರ್, ಶೇರ್ ನದಿಯ ಪಕ್ಕ ನೆರಳಿನ ದಾರಿ, ತೂರ್. ಬೇಸಿಗೆಯಲ್ಲಿ ಅಲ್ಲಿಯ ಕಲ್ಲಿನ ಸೇತುವೆ ಪಕ್ಕ ದಂಡೆಯ ಮೇಲೆ 'ಗ್ಯಾಂಗೆತ್' ನಡೆಯುತ್ತದೆ. ಮೇಜು ಕುರ್ಚಿ ಹಾಕಿ, ದೀಪದ ಸರ ಕಟ್ಟಿ, ಊಟ, ಹಾಡು, ಕುಣಿತ.

ಐದನೇ ದಿನ ಆಂಬ್ವಾಜ್, 30ಕ್ಕೂ ಕಡಿಮೆ. ಮೋಂಲ್ವಿಯ ದ್ರಾಕ್ಷಿ ತೋಟಗಳ ಮಧ್ಯೆ ಹೋಗುತ್ತೀರಿ, ನದಿಯಾಚೆ ವೈನಿಗೆ ಹೆಸರಾದ ವೂವ್ರೆ ಊರು. ಮಧ್ಯಾಹ್ನದೊಳಗೆ ತಲುಪಿ ಕ್ಲೋ ಲ್ಯುಸೆ ನೋಡಿ. ರಾಜ ಮೊದಲನೇ ಫ್ರಾನ್ಸ್ವಾ ಕರೆಸಿಕೊಂಡ ಲಿಯೊನಾರ್ದೊ ದ ವಿಂಚಿ 1516ರಿಂದ ಇದ್ದದ್ದು, 1519ರ ಮೇ 2ರಂದು ತೀರಿಕೊಂಡದ್ದು ಈ ಮನೆಯಲ್ಲಿ. ಸಮಾಧಿ ಇರುವುದು ಕೋಟೆಯ ಮೇಲಿನ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ.

ಆರನೇ ದಿನ ಬ್ಲ್ವಾ, 40 ಕಿಲೋಮೀಟರ್. ಮೊದಲ ಅರ್ಧದಲ್ಲಿ ದಾರಿ ದಂಡೆ ಬಿಟ್ಟು ದಿಣ್ಣೆ ಹತ್ತುತ್ತದೆ, ವಾರದಲ್ಲಿ ನಿಜವಾಗಿ ಏರು ಅನಿಸುವುದು ಇಲ್ಲಿ. ಸಣ್ಣ ಗೇರಿಗೆ ಹಾಕಿ, ಆಗದಿದ್ದರೆ ಇಳಿದು ತಳ್ಳಿ, ಅವಸರ ಇಲ್ಲವಲ್ಲ. ಶೋಮೋಂನಲ್ಲಿ ಊಟದ ಹೊತ್ತು. 1992ರಿಂದ ಅಲ್ಲಿಯ ಕೋಟೆಯಲ್ಲಿ ಪ್ರತಿ ವರ್ಷ ವಸಂತದಿಂದ ಶರತ್ಕಾಲದವರೆಗೆ ಅಂತರರಾಷ್ಟ್ರೀಯ ಉದ್ಯಾನ ಉತ್ಸವ ನಡೆಯುತ್ತದೆ.

ಏಳನೇ ದಿನ ಬ್ಯಾಗುಗಳನ್ನು ಬ್ಲ್ವಾದ ವಸತಿಯಲ್ಲೇ ಬಿಟ್ಟು ಶಾಂಬೋರ್‌ಗೆ ಹೋಗಿ ಬನ್ನಿ, ಹೋಗಿ ಬರಲು 40ರೊಳಗೆ. 1519ರಲ್ಲಿ ಶುರುವಾದ ಈ ಅರಮನೆಯಲ್ಲಿ 400ಕ್ಕೂ ಹೆಚ್ಚು ಕೋಣೆ. ನಡುವಿನ ಮೆಟ್ಟಿಲು ಎರಡು ಸುರುಳಿಯದ್ದು. ಒಬ್ಬರು ಹತ್ತುತ್ತಾ ಇನ್ನೊಬ್ಬರು ಇಳಿಯುತ್ತಾ ಇದ್ದರೂ ಕಿಂಡಿಯಿಂದ ಮುಖ ಕಾಣುತ್ತದೆ, ಎದುರಾಗುವುದಿಲ್ಲ. ಜೊತೆಯವರೊಡನೆ ಮಾಡಿ ನೋಡಲೇಬೇಕು. ಸುತ್ತಲಿನ ಕಾಡಿಗೆ 32 ಕಿಲೋಮೀಟರ್ ಗೋಡೆ ಇದೆ. ಬೆಳಿಗ್ಗೆ ಬೇಗ ಹೋದರೆ ಜಿಂಕೆ, ಕಾಡುಹಂದಿ ಕಾಣುವ ಸಂಭವ ಜಾಸ್ತಿ.

ದಾರಿಯಲ್ಲಿ ಯೋಜನೆ ಬದಲಾದರೆ

ಮಳೆ ಹಿಡಿದರೆ, ಯಾರಿಗಾದರೂ ಸುಸ್ತಾದರೆ ಒಂದು ತುಂಡನ್ನು ರೈಲಿನಲ್ಲಿ ಹೋಗಿ. ಆಂಜೆ, ಸೋಮ್ಯೂರ್, ತೂರ್, ಆಂಬ್ವಾಜ್, ಬ್ಲ್ವಾ ಎಲ್ಲವೂ ಒಂದೇ ರೈಲು ದಾರಿಯಲ್ಲಿವೆ. ಪ್ರಾದೇಶಿಕ ರೈಲುಗಳು ಸೈಕಲ್ ಹತ್ತಿಸಿಕೊಳ್ಳುತ್ತವೆ, ಬೇಸಿಗೆಯಲ್ಲಿ ಸೈಕಲ್ಲಿಗೇ ಹೆಚ್ಚು ಜಾಗ ಇರುವ ರೈಲುಗಳೂ ಓಡುತ್ತವೆ. ಸೀಟಿನ ಹಾಗೆ ಸೈಕಲ್ ಜಾಗವನ್ನೂ ಮುಂಚೆ ಕಾದಿರಿಸಬೇಕೇ ಎಂದು ಟಿಕೆಟ್ ತೆಗೆಯುವಾಗಲೇ ನೋಡಿ. ತಡವಾಗುತ್ತದೆ ಅನಿಸಿದ ತಕ್ಷಣ ವಸತಿಗೆ ಫೋನ್ ಮಾಡಿ. ಮನೆಯವರು ನಿಮಗಾಗಿ ಅಡುಗೆ ಮಾಡಿಟ್ಟು ಕಾಯುತ್ತಿರುತ್ತಾರೆ.

ವಾಪಸು ಹೊರಡುವ ದಿನ ಬೆಳಿಗ್ಗೆ ಸೈಕಲ್ ಒರೆಸಿ ಅಂಗಡಿಗೆ ಕೊಡಿ, ಮೊದಲ ದಿನ ತೆಗೆದ ಫೋಟೊ ಕೈಯಲ್ಲಿರಲಿ. ಬಾಡಿಗೆ ಅಂಗಡಿಗಳಿಗೂ ಮಧ್ಯಾಹ್ನ ಊಟದ ವಿರಾಮ ಇರುತ್ತದೆ, 12ರೊಳಗೆ ಹೋಗಿ. ಬ್ಲ್ವಾದಿಂದ ಪ್ಯಾರಿಸ್ಸಿನ ಓಸ್ತರ್ಲಿತ್ಸ್ ನಿಲ್ದಾಣಕ್ಕೆ ನೇರ ರೈಲಿನಲ್ಲಿ ಒಂದೂವರೆಯಿಂದ ಎರಡು ಗಂಟೆ. ಅಲ್ಲಿಂದ ವಿಮಾನ ನಿಲ್ದಾಣ ಊರಿನ ಇನ್ನೊಂದು ಬದಿಗೆ. ಹಾಗಾಗಿ ರೈಲು ಪ್ಯಾರಿಸ್ ಮುಟ್ಟುವ ಹೊತ್ತಿಗೂ ವಿಮಾನ ಏರುವ ಹೊತ್ತಿಗೂ ನಡುವೆ ಕನಿಷ್ಠ ಐದು ಗಂಟೆ ಇರುವಂತೆ ಟಿಕೆಟ್ ಮಾಡಿಸಿ.